ಪುಸ್ತಕ ಬಂದಾಯಿತು, ಮಕ್ಕಳು ಇನ್ನೂ ಚಿಕ್ಕವರು: ಪ್ರಚಾರಕ್ಕೆ ಸಮಯ ಎಲ್ಲಿಂದ ತರಲಿ?

ಪ್ರಶ್ನೆ: ನನ್ನ ಮೊದಲ ಕಾದಂಬರಿ ಪ್ರಕಟವಾಗಿ ಎರಡು ತಿಂಗಳಾಯಿತು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ದಾದಿಯೊಬ್ಬಳು ಮನೆಯಲ್ಲಿ ಮರೆವಿನ ಕಾಯಿಲೆಯ ತಾಯಿಯನ್ನೂ ನೋಡಿಕೊಳ್ಳುವ ಕತೆ ಅದು. ಮೊದಲ ವಾರ ಬಂಧುಗಳು, ಸ್ನೇಹಿತರು ಕೊಂಡರು. ಆಮೇಲೆ ಮಾರಾಟ ನಿಂತೇಹೋಯಿತು. ನನ್ನ ಪ್ರಕಾಶಕರದು ಚಿಕ್ಕ ಸಂಸ್ಥೆ. ‘ಸಾಮಾಜಿಕ ಜಾಲತಾಣದಲ್ಲಿ ದಿನವೂ ಏನಾದರೂ ಹಾಕಿ, ರೀಲ್ಸ್ ಮಾಡಿ’ ಎನ್ನುತ್ತಾರೆ. ನನಗೆ ಆರು ವರ್ಷದ ಮಗಳು, ಒಂದೂವರೆ ವರ್ಷದ ಮಗ ಇದ್ದಾರೆ. ಪುಸ್ತಕದ ಕೆಲಸಕ್ಕೆ ಕುಳಿತರೆ ಮಕ್ಕಳಿಗೆ ಅನ್ಯಾಯ ಮಾಡಿದಂತೆ, ಮಕ್ಕಳ ಜೊತೆ ಇದ್ದರೆ ಪುಸ್ತಕವನ್ನು ಕೈಬಿಟ್ಟಂತೆ ಅನ್ನಿಸುತ್ತದೆ. ತಡವಾಗಿಹೋಯಿತೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ತಡವಾಗಿಲ್ಲ. ಸಮಾಧಾನಕ್ಕೆಂದು ಇದನ್ನು ಹೇಳುತ್ತಿಲ್ಲ. ‘ಬಿಡುಗಡೆಯಾದ ಮೊದಲ ಮೂರು ತಿಂಗಳಲ್ಲಿ ಏನಾಯಿತೋ ಅಷ್ಟೇ’ ಎಂಬ ಮಾತು ಪುಸ್ತಕ ವ್ಯಾಪಾರದಲ್ಲಿ ಚಾಲ್ತಿಯಲ್ಲಿದೆ ನಿಜ. ಆದರೆ ಅದು ವ್ಯಾಪಾರದವರ ಲೆಕ್ಕ. ಪ್ರಕಾಶಕರಿಗೆ ಮುಂದಿನ ತಿಂಗಳು ಇನ್ನೊಂದು ಪುಸ್ತಕ ಬರುವುದಿರುತ್ತದೆ, ಅಂಗಡಿಯವರಿಗೆ ಎದುರಿನ ಮೇಜು ಖಾಲಿಯಾಗಬೇಕಿರುತ್ತದೆ, ಪತ್ರಿಕೆಯವರಿಗೆ ಹೊಸದು ಬೇಕಿರುತ್ತದೆ. ಓದುವವರಿಗೆ ಈ ಯಾವ ಅವಸರವೂ ಇಲ್ಲ. ತನ್ನ ತಾಯಿಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಇವತ್ತು ವೈದ್ಯರಿಂದ ತಿಳಿದುಕೊಂಡು ಮನೆಗೆ ಬಂದ ಮಗಳಿಗೆ ನಿಮ್ಮ ಕಾದಂಬರಿ ಇವತ್ತಿನ ಪುಸ್ತಕವೇ. ಅದು ಎರಡು ತಿಂಗಳ ಹಿಂದೆ ಬಂತೋ ಎರಡು ವರ್ಷದ ಹಿಂದೆ ಬಂತೋ ಎಂದು ಅವಳು ವಿಚಾರಿಸುವುದಿಲ್ಲ. ಅಂಥವಳೊಬ್ಬಳು ಹುಡುಕಿದಾಗ ಪುಸ್ತಕ ಸಿಗುತ್ತದೆಯೇ ಎಂಬುದಷ್ಟೇ ಮುಖ್ಯ.

ಮೊದಲ ವಾರದ ಮಾರಾಟ ನಿಂತುಹೋದದ್ದರಲ್ಲೂ ಗಾಬರಿಪಡುವಂಥದ್ದು ಏನೂ ಇಲ್ಲ. ನಿಮ್ಮನ್ನು ಬಲ್ಲವರು ನಿಮಗಾಗಿ ಕೊಂಡರು, ಅವರು ಮುಗಿದರು. ಪುಸ್ತಕಕ್ಕಾಗಿ ಕೊಳ್ಳಬೇಕಾದವರಿಗೆ ಅದರ ಸುದ್ದಿ ಇನ್ನೂ ಮುಟ್ಟಿಲ್ಲ. ಹೆಚ್ಚಿನ ಮೊದಲ ಪುಸ್ತಕಗಳ ಕತೆ ಹೀಗೇ ಇರುತ್ತದೆ. ಇದನ್ನು ಕಾದಂಬರಿಯ ಗುಣದ ಬಗ್ಗೆ ಬಂದ ತೀರ್ಪು ಎಂದುಕೊಂಡು ಕುಗ್ಗಬೇಡಿ.

ಚಿಕ್ಕ ಮಕ್ಕಳಿರುವ ಲೇಖಕರು, ತಾಯಿಯಾಗಲಿ ತಂದೆಯಾಗಲಿ, ನನ್ನನ್ನು ಕೇಳಿದಾಗಲೆಲ್ಲ ಮೊದಲು ಒಂದು ಮಾತು ಹೇಳುತ್ತೇನೆ. ದಿನವೂ ನೀವೇ ಹಾಜರಿದ್ದು ನಡೆಸಬೇಕಾದ ಕೆಲಸಗಳನ್ನು ಬಿಟ್ಟುಬಿಡಿ. ಒಮ್ಮೆ ಸರಿಯಾಗಿ ಮಾಡಿಟ್ಟರೆ ನೀವಿಲ್ಲದಾಗಲೂ ನಡೆಯುತ್ತಿರುವ ಕೆಲಸಗಳನ್ನು ಹಿಡಿಯಿರಿ. ಮಗನಿಗೆ ಜ್ವರ ಬಂದು ಒಂದು ವಾರ ನೀವು ಎಲ್ಲೂ ಕಾಣಿಸದಿದ್ದರೆ ದಿನಕ್ಕೊಂದು ರೀಲ್ಸ್ ಎಂಬ ಯೋಜನೆ ಕುಸಿದು ಬೀಳುತ್ತದೆ. ಮತ್ತೆ ಎತ್ತಿ ನಿಲ್ಲಿಸುವ ಉತ್ಸಾಹವೂ ಉಳಿದಿರುವುದಿಲ್ಲ. ಆನ್‌ಲೈನ್ ಮಳಿಗೆಯಲ್ಲಿ ನೀವು ತಿದ್ದಿ ಬರೆದ ನಾಲ್ಕು ಸಾಲಿನ ಪರಿಚಯ ಆ ವಾರವೂ ತನ್ನ ಕೆಲಸ ಮಾಡುತ್ತಿರುತ್ತದೆ. ಗ್ರಂಥಾಲಯದ ಕಪಾಟಿನಲ್ಲಿರುವ ಪ್ರತಿಯೂ ಅಷ್ಟೆ.

ಆ ಪರಿಚಯದಿಂದಲೇ ಶುರು ಮಾಡಿ. ಬೆನ್ನುಡಿಯನ್ನೇ ಎತ್ತಿ ಆನ್‌ಲೈನ್ ಮಳಿಗೆಗೆ ಹಾಕುವುದು ರೂಢಿ. ಬೆನ್ನುಡಿ ಬರೆದವರು ಸಾಮಾನ್ಯವಾಗಿ ಹಿರಿಯ ಲೇಖಕರು. ಅವರು ಪ್ರೀತಿಯಿಂದ ಬರೆದಿರುತ್ತಾರೆ, ಆದರೆ ಪುಸ್ತಕವನ್ನು ಕೊಳ್ಳಲೋ ಬೇಡವೋ ಎಂದು ಅನುಮಾನಿಸುತ್ತಿರುವ ಅಪರಿಚಿತರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುವುದಿಲ್ಲ. ‘ಮಾನವೀಯ ಸಂಬಂಧಗಳ ಸೂಕ್ಷ್ಮ ಎಳೆಗಳನ್ನು ಬಿಡಿಸುತ್ತ ಬದುಕಿನ ತಲ್ಲಣಗಳನ್ನು ಹಿಡಿದಿಡುವ ವಿಶಿಷ್ಟ ಕಾದಂಬರಿ’ ಎಂಬಂಥ ವಾಕ್ಯವನ್ನು ಯಾವ ಕಾದಂಬರಿಯ ಹಿಂದೆ ಅಂಟಿಸಿದರೂ ನಡೆಯುತ್ತದೆ. ಅದರಿಂದ ನಿಮ್ಮ ಪುಸ್ತಕ ಯಾವುದು ಎಂಬುದೇ ತಿಳಿಯುವುದಿಲ್ಲ. ನೀವು ನನಗೆ ಒಂದೇ ಸಾಲಿನಲ್ಲಿ ಬರೆದ ಕತೆಯಿಂದ ನಾನಾದರೆ ಹೀಗೆ ಶುರು ಮಾಡುತ್ತಿದ್ದೆ: ‘ರಾತ್ರಿಯಿಡೀ ಬೇರೆಯವರ ತಾಯಂದಿರಿಗೆ ಮಾತ್ರೆ ಕೊಟ್ಟು, ಹಾಸಿಗೆ ಬದಲಿಸಿ ಬೆಳಗ್ಗೆ ಮನೆಗೆ ಬರುವ ದಾದಿ. ಬಾಗಿಲು ತೆರೆದ ಅವಳ ತಾಯಿ ಕೇಳುತ್ತಾಳೆ: ನಿಮಗೆ ಯಾರು ಬೇಕಿತ್ತು?’ ನಿಮ್ಮ ಕಾದಂಬರಿಯಲ್ಲಿ ಇದಕ್ಕಿಂತ ತೀಕ್ಷ್ಣವಾದ ಸನ್ನಿವೇಶ ಖಂಡಿತ ಇರುತ್ತದೆ. ಅದನ್ನು ಮೊದಲ ಎರಡು ಸಾಲಿಗೆ ತನ್ನಿ. ಮೊಬೈಲ್ ಪರದೆಯಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಉಳಿದದ್ದು ‘ಇನ್ನಷ್ಟು ಓದಿ’ ಎಂಬುದರ ಹಿಂದೆ ಅಡಗಿರುತ್ತದೆ. ನಿಮ್ಮ ಪದವಿ, ಪ್ರಶಸ್ತಿ, ಹಿರಿಯರ ಪ್ರಶಂಸೆ ಎಲ್ಲವೂ ಆ ಹಿಂದಿನ ಭಾಗದಲ್ಲಿದ್ದರೆ ಸಾಕು.

ಇದರ ಜೊತೆಗೇ ಮುಗಿಸಬೇಕಾದವು ಇನ್ನು ಕೆಲವು. ಆನ್‌ಲೈನ್ ಮಳಿಗೆಗಳಲ್ಲಿ ಪುಸ್ತಕವನ್ನು ಯಾವ ವಿಭಾಗದಲ್ಲಿ ಇಟ್ಟಿದ್ದಾರೆ, ಯಾವ ಹುಡುಕುಪದಗಳನ್ನು ಕೊಟ್ಟಿದ್ದಾರೆ ಎಂದು ಪ್ರಕಾಶಕರನ್ನು ಕೇಳಿ. ಸ್ವಂತವಾಗಿ ಪ್ರಕಟಿಸುವವರಿಗೆ ಅಮೆಜಾನ್‌ನ ಕಿಂಡಲ್ ಡೈರೆಕ್ಟ್ ಪಬ್ಲಿಷಿಂಗ್ ಒಂದು ಪುಸ್ತಕಕ್ಕೆ ಏಳು ಹುಡುಕುಪದಗಳ ಜಾಗ, ಮೂರು ವಿಭಾಗಗಳ ಆಯ್ಕೆ ಕೊಡುತ್ತದೆ. ಬೇರೆ ಮಳಿಗೆಗಳಲ್ಲೂ ಇದೇ ಬಗೆಯ ಏರ್ಪಾಡು ಇರುತ್ತದೆ. ‘ಕಾದಂಬರಿ’, ‘ಸಾಹಿತ್ಯ’, ‘ಹೊಸ ಪುಸ್ತಕ’ ಎಂದು ಈ ಜಾಗಗಳನ್ನು ತುಂಬಿಸಿಟ್ಟ ಎಷ್ಟೋ ಪುಸ್ತಕಗಳನ್ನು ನೋಡಿದ್ದೇನೆ. ಆ ಪದಗಳನ್ನು ಹಾಕಿ ಹುಡುಕಿದವರಿಗೆ ಸಾವಿರಾರು ಪುಸ್ತಕಗಳು ಸಿಗುತ್ತವೆ, ನಿಮ್ಮದು ಎಲ್ಲೋ ತಳದಲ್ಲಿರುತ್ತದೆ. ‘ದಾದಿಯ ಬದುಕು’, ‘ಮರೆವಿನ ಕಾಯಿಲೆ’, ‘ವಯಸ್ಸಾದ ತಾಯಿಯ ಆರೈಕೆ’ ಎಂದಿದ್ದರೆ ಹುಡುಕುವವರು ಕಡಿಮೆ, ಆದರೆ ಹುಡುಕಿದವರಿಗೆ ನಿಮ್ಮ ಪುಸ್ತಕವೇ ಬೇಕಾದದ್ದು.

ನಿಮ್ಮ ಹೆಸರಿನ ಕಾಗುಣಿತ ಮುಖಪುಟದಲ್ಲಿ, ಮಳಿಗೆಯಲ್ಲಿ, ನಿಮ್ಮ ಸ್ವಂತ ಖಾತೆಗಳಲ್ಲಿ ಒಂದೇ ತರ ಇದೆಯೇ ನೋಡಿ. ಮುದ್ರಿತ ಪ್ರತಿ, ಇ-ಪುಸ್ತಕ ಎರಡೂ ಇದ್ದರೆ ಅವೆರಡೂ ಒಂದೇ ಪುಟದಲ್ಲಿ ಜೋಡಣೆಯಾಗಿ ಕಾಣುತ್ತವೆಯೇ ಗಮನಿಸಿ. ಬೇರೆ ಬೇರೆಯಾಗಿದ್ದರೆ ಬಂದ ನಾಲ್ಕು ವಿಮರ್ಶೆಗಳೂ ಹರಿದು ಹಂಚಿಹೋಗುತ್ತವೆ. ಮುಖಪುಟದ ಚಿತ್ರವನ್ನು ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಶೀರ್ಷಿಕೆ ಓದಲು ಬಾರದಿದ್ದರೆ ಮರುಮುದ್ರಣದ ಹೊತ್ತಿಗೆ ಬದಲಿಸಬೇಕೆಂದು ಪ್ರಕಾಶಕರಿಗೆ ಈಗಲೇ ತಿಳಿಸಿಡಿ. ಇಷ್ಟೆಲ್ಲ ಸೇರಿ ಎರಡು ಮೂರು ಬೈಠಕ್‌ಗಳಲ್ಲಿ ಮುಗಿಯುವ ಕೆಲಸ. ಮುಗಿದ ಮೇಲೆ ವರ್ಷಕ್ಕೊಮ್ಮೆ ತಿರುಗಿ ನೋಡಿದರೆ ಸಾಕು.

ಇನ್ನು ಓದುಗರ ವಿಷಯ. ನನಗೆ ತುಂಬ ಪ್ರಿಯವಾದ, ಹೆಚ್ಚಿನ ಲೇಖಕರು ಕೈಯಿಡದೆ ಬಿಟ್ಟುಬಿಡುವ ಕೆಲಸ ಇದು. ‘ನಿಮ್ಮ ಪುಸ್ತಕ ಯಾರಿಗೆ?’ ಎಂದು ಕೇಳಿದರೆ ‘ಒಳ್ಳೆಯ ಸಾಹಿತ್ಯ ಇಷ್ಟಪಡುವ ಎಲ್ಲರಿಗೂ’ ಎಂಬ ಉತ್ತರ ಬರುತ್ತದೆ. ಎಲ್ಲರಿಗೂ ಪತ್ರ ಬರೆಯಲು ಬರುವುದಿಲ್ಲ. ನಿಮಗಂತೂ ಕತೆಯೇ ದಾರಿ ತೋರಿಸುತ್ತಿದೆ. ಒಂದು ಕಡೆ ದಾದಿಯರಿದ್ದಾರೆ: ಶುಶ್ರೂಷಾ ಕಾಲೇಜುಗಳ ವಿದ್ಯಾರ್ಥಿಗಳು, ಬೋಧಕರು, ಗ್ರಂಥಪಾಲಕರು, ದಾದಿಯರ ಸಂಘಗಳು, ಅವರದೇ ಸುದ್ದಿಪತ್ರಗಳು. ಇನ್ನೊಂದು ಕಡೆ ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುತ್ತಿರುವ ಮಕ್ಕಳು, ಅವರಿಗೆ ಆಸರೆಯಾಗಿರುವ ಬಳಗಗಳು, ವೃದ್ಧರ ಚಿಕಿತ್ಸೆಯಲ್ಲಿ ತೊಡಗಿದ ವೈದ್ಯರು, ಆಪ್ತಸಮಾಲೋಚಕರು ಇದ್ದಾರೆ. ತಮ್ಮ ಬದುಕು ಕಾದಂಬರಿಯಲ್ಲಿ ಬಂದಿದೆ ಎಂದು ಗೊತ್ತಾದರೆ ಇವರು ಕುತೂಹಲದಿಂದ ಓದುತ್ತಾರೆ, ತಪ್ಪಿದ್ದರೆ ಹೇಳುತ್ತಾರೆ, ಸರಿಯಿದ್ದರೆ ಪಕ್ಕದವರ ಕೈಗೆ ದಾಟಿಸುತ್ತಾರೆ. ಅವರಲ್ಲಿ ಎಷ್ಟೋ ಜನ ವರ್ಷಕ್ಕೊಂದು ಕಾದಂಬರಿಯನ್ನೂ ಓದದವರಿರಬಹುದು. ಈ ಒಂದನ್ನು ಓದುತ್ತಾರೆ.

ಒಂದೊಂದು ಪತ್ರವನ್ನೂ ಬೇರೆಯಾಗಿ ಬರೆಯಿರಿ. ‘ನನ್ನ ಪುಸ್ತಕ ಬಿಡುಗಡೆಯಾಗಿದೆ, ಕೊಂಡು ಓದಿ, ಎಲ್ಲರಿಗೂ ಹಂಚಿ’ ಎಂದು ಒಂದೇ ಸಂದೇಶವನ್ನು ಗುಂಪು ಗುಂಪಿಗೆ ರವಾನಿಸಿದರೆ ಓದದೆ ಅಳಿಸುತ್ತಾರೆ. ಶುಶ್ರೂಷಾ ಕಾಲೇಜಿನ ಗ್ರಂಥಪಾಲಕರಿಗೆ ಬರೆಯುವ ಪತ್ರ ಇಷ್ಟೇ ಇರಲಿ:

‘ನಮಸ್ಕಾರ. ರಾತ್ರಿ ಪಾಳಿಯ ದಾದಿಯೊಬ್ಬಳ ಬದುಕನ್ನು ಕುರಿತು ನಾನು ಬರೆದ ಕಾದಂಬರಿ ಈಚೆಗೆ ಪ್ರಕಟವಾಗಿದೆ. ನಿಮ್ಮ ವಿದ್ಯಾರ್ಥಿಗಳಿಗೆ ಇದು ತಮ್ಮದೇ ಕತೆ ಅನ್ನಿಸಬಹುದೆಂದು ಬರೆಯುತ್ತಿದ್ದೇನೆ. ವಾರ್ಡಿನಲ್ಲಿ ಪಾಳಿ ಬದಲಾಗುವ ಹೊತ್ತಿನ ಎರಡು ಪುಟಗಳನ್ನು ಕೆಳಗೆ ಕೊಟ್ಟಿದ್ದೇನೆ. ಓದಿ ಇಷ್ಟವಾದರೆ, ಗ್ರಂಥಾಲಯಕ್ಕೆ ತರಿಸಿಕೊಳ್ಳಲು ಬೇಕಾದ ಐಎಸ್‌ಬಿಎನ್ ಮತ್ತು ಪ್ರಕಾಶಕರ ವಿಳಾಸ ಕೊನೆಯಲ್ಲಿದೆ. ವಿದ್ಯಾರ್ಥಿಗಳು ಓದಿದ ಮೇಲೆ ಅವರೊಂದಿಗೆ ಆನ್‌ಲೈನ್‌ನಲ್ಲಿ ಅರ್ಧ ಗಂಟೆ ಮಾತನಾಡಲು ನನಗೆ ಸಂತೋಷ.’

ಈ ಪತ್ರದಲ್ಲಿ ಕೊಂಡುಕೊಳ್ಳಿ ಎಂಬ ಒತ್ತಾಯವಿಲ್ಲ. ಯಾರು ಬರೆಯುತ್ತಿದ್ದಾರೆ, ಅವರಿಗೇ ಏಕೆ, ಮುಂದೇನು ಮಾಡಬಹುದು ಎಂಬುದೆಲ್ಲ ಇದೆ. ಎರಡು ಪುಟವನ್ನು ಪತ್ರದ ಒಳಗೇ ಕೊಡಿ. ಗುರುತಿಲ್ಲದವರು ಕಳಿಸಿದ ಲಗತ್ತನ್ನು ಯಾರೂ ತೆರೆಯುವುದಿಲ್ಲ. ಐಎಸ್‌ಬಿಎನ್‌ನ 13 ಅಂಕಿಗಳನ್ನೂ ತಪ್ಪಿಲ್ಲದೆ ಬರೆಯಿರಿ, ಗ್ರಂಥಾಲಯಗಳೂ ಅಂಗಡಿಗಳೂ ಪುಸ್ತಕವನ್ನು ಗುರುತಿಸುವುದು ಅದರಿಂದಲೇ. ಮುದ್ರಿತ ಪ್ರತಿಗೂ ಇ-ಪುಸ್ತಕಕ್ಕೂ ಸಂಖ್ಯೆ ಬೇರೆ ಎಂಬುದನ್ನು ಮರೆಯಬೇಡಿ. ಉತ್ತರ ಬಾರದಿದ್ದರೆ ಎರಡು ಮೂರು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ವಾರಕ್ಕೆ ಇಂಥ ಎರಡು ಪತ್ರ ಹೋದರೆ ವರ್ಷ ಮುಗಿಯುವ ಹೊತ್ತಿಗೆ ನೂರು ಪತ್ರವಾಗುತ್ತದೆ. ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲೂ ಒಂದು ಮೊದಲ ಕಾದಂಬರಿಗೆ ಹೀಗೆ ಹೆಸರು ಹಿಡಿದು ನೂರು ಪತ್ರ ಬರೆಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಪಂಚಾಂಗವನ್ನೂ ಉಪಯೋಗಿಸಿಕೊಳ್ಳಿ. ಮೇ 12 ಅಂತರರಾಷ್ಟ್ರೀಯ ದಾದಿಯರ ದಿನ, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ ಅದು. ಸೆಪ್ಟೆಂಬರ್ 21 ವಿಶ್ವ ಆಲ್‌ಝೈಮರ್ಸ್ ದಿನ. ಅಕ್ಟೋಬರ್ 1 ವಿಶ್ವಸಂಸ್ಥೆ ಘೋಷಿಸಿದ ಅಂತರರಾಷ್ಟ್ರೀಯ ಹಿರಿಯರ ದಿನ. ಆ ದಿನಗಳಲ್ಲಿ ಪತ್ರಿಕೆಗಳಿಗೆ ವಿಷಯಕ್ಕೆ ಹೊಂದುವ ಬರಹ ಬೇಕಿರುತ್ತದೆ, ಸಂಸ್ಥೆಗಳಿಗೆ ಮಾತನಾಡುವವರು ಬೇಕಿರುತ್ತಾರೆ. ಪುಸ್ತಕದ ಬಗ್ಗೆ ಬರೆಯಿರಿ ಎಂದು ಸಂಪಾದಕರನ್ನು ಕೇಳುವುದಕ್ಕಿಂತ, ಮರೆವಿನ ಕಾಯಿಲೆಯವರ ಮನೆಯೊಳಗಿನ ಒಂದು ದಿನದ ಬಗ್ಗೆ ನೀವೇ ಒಂದು ಲೇಖನ ಬರೆದುಕೊಟ್ಟು, ಕೊನೆಯಲ್ಲಿ ಕಾದಂಬರಿಯ ಹೆಸರು ಹಾಕಿಸಿಕೊಳ್ಳುವುದು ಸುಲಭ. ಮಾಸಪತ್ರಿಕೆಗಳು ಎರಡು ಮೂರು ತಿಂಗಳು ಮೊದಲೇ ಸಂಚಿಕೆಯನ್ನು ಯೋಜಿಸುತ್ತವೆ, ಹಾಗಾಗಿ ಸೆಪ್ಟೆಂಬರಿನ ಬರಹ ಜೂನ್ ಕೊನೆಗೆ ಅವರ ಕೈಯಲ್ಲಿರಬೇಕು. ಯುನೆಸ್ಕೋದ ವಿಶ್ವ ಪುಸ್ತಕ ದಿನ, ಅಂದರೆ ಏಪ್ರಿಲ್ 23, ನಿಮಗೆ ಅಷ್ಟು ಉಪಯೋಗವಿಲ್ಲ. ಅಂದು ಎಲ್ಲ ಲೇಖಕರೂ ತಂತಮ್ಮ ಪುಸ್ತಕ ಹಿಡಿದು ನಿಂತಿರುತ್ತಾರೆ. ಕಾದಂಬರಿಯ ಭಾಗವನ್ನು ಎಲ್ಲಾದರೂ ಪ್ರಕಟಿಸುವ ಮೊದಲು ಒಪ್ಪಂದ ಪತ್ರ ತೆಗೆದು ನೋಡಿ: ಆಯ್ದ ಭಾಗ, ಧ್ವನಿಪುಸ್ತಕ, ಅನುವಾದ ಇವುಗಳ ಹಕ್ಕು ಯಾರ ಬಳಿ ಇದೆ ಎಂದು ಅದರಲ್ಲಿ ಬರೆದಿರುತ್ತದೆ.

ವಿಮರ್ಶೆಗಳ ಬಗ್ಗೆ ಸಂಕೋಚಪಡುವ ಕಡೆ ಪಡಬೇಕಿಲ್ಲ, ಪಡಬೇಕಾದ ಕಡೆ ಪಡಬೇಕು. ಅಪರಿಚಿತ ಓದುಗರೊಬ್ಬರು ‘ತುಂಬ ಹಿಡಿಸಿತು’ ಎಂದು ಸಂದೇಶ ಕಳಿಸಿದರೆ, ಧನ್ಯವಾದ ಹೇಳಿದ ಮೇಲೆ ‘ಇದನ್ನೇ ಎರಡು ಸಾಲಿನಲ್ಲಿ ಪುಸ್ತಕದ ಪುಟದಲ್ಲಿ ಬರೆದರೆ ನನಗೆ ದೊಡ್ಡ ಉಪಕಾರ’ ಎಂದು ಕೇಳಿ. ಬಹುಪಾಲು ಜನ ಸಂತೋಷದಿಂದ ಬರೆಯುತ್ತಾರೆ; ಯಾರೂ ಕೇಳದೆ ಇರುವುದರಿಂದ ಬರೆದಿರುವುದಿಲ್ಲ, ಅಷ್ಟೇ. ಆದರೆ ಮನೆಯವರಿಂದ, ಹತ್ತಿರದ ಸ್ನೇಹಿತರಿಂದ ಬರೆಸಬೇಡಿ. ಅಮೆಜಾನ್‌ನ ನಿಯಮ ಅದನ್ನು ಒಪ್ಪುವುದಿಲ್ಲ, ಗೊತ್ತಾದರೆ ಅಳಿಸುತ್ತಾರೆ. ಉಚಿತ ಪ್ರತಿ ಕೊಡಬಹುದು, ಪ್ರತಿ ಕೊಟ್ಟದ್ದಕ್ಕೆ ಬದಲಾಗಿ ವಿಮರ್ಶೆ ಬರೆಯಲೇಬೇಕೆಂದು ಷರತ್ತು ಹಾಕುವಂತಿಲ್ಲ. ದುಡ್ಡು ಕೊಟ್ಟು ವಿಮರ್ಶೆ ಬರೆಸುವುದಂತೂ ಬೇಡವೇ ಬೇಡ. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ಸುಳ್ಳು ವಿಮರ್ಶೆಗಳ ಮಾರಾಟ, ಖರೀದಿ ಎರಡನ್ನೂ ನಿಷೇಧಿಸುವ ನಿಯಮವೇ ಬಂದಿದೆ. ಕಾನೂನು ಹಾಗಿರಲಿ, ಹೊಗಳಿಕೆಯ ಹತ್ತು ಸಾಲು ಒಂದೇ ಅಚ್ಚಿನಲ್ಲಿದ್ದರೆ ಓದುಗರಿಗೆ ಗೊತ್ತಾಗುತ್ತದೆ, ನಿಮ್ಮ ಪ್ರಾಮಾಣಿಕವಾದ ಪುಸ್ತಕವನ್ನೂ ಅವರು ಅನುಮಾನದಿಂದ ನೋಡುತ್ತಾರೆ.

ರೀಲ್ಸ್ ಬೇಡವೇ ಎಂದರೆ, ನಿಮಗೆ ಕ್ಯಾಮೆರಾದ ಮುಂದೆ ಮಾತನಾಡುವುದು ಖುಷಿಯಾಗಿದ್ದರೆ ಮಾಡಿ. ಖುಷಿಯಿಲ್ಲದೆ, ಮಗು ಅಳುವ ಮೊದಲು ಮುಗಿಸಬೇಕೆಂಬ ಧಾವಂತದಲ್ಲಿ ಮಾಡಿದ್ದು ನೋಡುವವರಿಗೂ ಗೊತ್ತಾಗುತ್ತದೆ. ಒಂದೇ ಒಂದು ಜಾಲತಾಣ ಇಟ್ಟುಕೊಳ್ಳಿ, ನೀವು ಹೇಗೂ ದಿನವೂ ನೋಡುವಂಥದ್ದು. ಅದರಲ್ಲಿ ವಾರಕ್ಕೊಮ್ಮೆ ಬರೆದರೆ ಧಾರಾಳವಾಯಿತು. ನಾಲ್ಕು ವಾರದ್ದನ್ನು ಒಂದೇ ದಿನ ಬರೆದಿಟ್ಟು, ಗೊತ್ತುಮಾಡಿದ ಹೊತ್ತಿಗೆ ತಾನೇ ಪ್ರಕಟವಾಗುವಂತೆ ಮಾಡುವ ಸೌಲಭ್ಯ ಈಗ ಹೆಚ್ಚಿನ ಕಡೆ ಇದೆ. ಅದಕ್ಕಿಂತ ಮುಖ್ಯವಾದದ್ದು ನಿಮ್ಮದೇ ಆದ ಓದುಗರ ಪಟ್ಟಿ. ಜಾಲತಾಣದಲ್ಲಿ ನೀವು ಬರೆದದ್ದನ್ನು ಯಾರಿಗೆ ತೋರಿಸಬೇಕು ಎಂದು ನಿರ್ಧರಿಸುವುದು ಆ ಕಂಪನಿ. ಇ-ಮೇಲ್ ಪಟ್ಟಿ ನಿಮ್ಮ ಕೈಯಲ್ಲೇ ಇರುತ್ತದೆ. ಪುಸ್ತಕ ಮೆಚ್ಚಿ ಬರೆದ ಪ್ರತಿಯೊಬ್ಬರನ್ನೂ ‘ಮುಂದಿನ ಪುಸ್ತಕ ಬಂದಾಗ ತಿಳಿಸಲೇ?’ ಎಂದು ಕೇಳಿ, ಒಪ್ಪಿದವರ ವಿಳಾಸವನ್ನಷ್ಟೇ ಸೇರಿಸಿಕೊಳ್ಳಿ, ಬೇಡ ಎಂದವರನ್ನು ಕೂಡಲೇ ತೆಗೆಯಿರಿ. ವಾಟ್ಸ್ಆ್ಯಪ್ ಸುಲಭ ಎನ್ನಿಸಿದರೆ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಬಹುದು. ಒಂದು ಪಟ್ಟಿಗೆ 256 ಜನರ ಮಿತಿ ಇದೆ, ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಮೊದಲ ಪುಸ್ತಕಕ್ಕೆ ಅಷ್ಟು ಜನ ನಿಜವಾದ ಓದುಗರು ಸಿಕ್ಕರೆ ಅದು ಸಣ್ಣ ಗಳಿಕೆಯಲ್ಲ.

ಈಗ ಸಮಯದ ಮಾತಿಗೆ ಬರುತ್ತೇನೆ. ‘ಮಗು ಮಲಗಿದಾಗ ಮಾಡಿಕೊಳ್ಳಿ’ ಎಂಬ ಸಲಹೆಯನ್ನು ನಾನು ಕೊಡುವುದಿಲ್ಲ. ಮಗು ಮಲಗಿದ ಹೊತ್ತಿಗೆ ಸ್ನಾನ, ನಿದ್ದೆ, ಅಡುಗೆಮನೆ, ಮುಂದಿನ ಕಾದಂಬರಿ ಎಲ್ಲವೂ ಈಗಾಗಲೇ ಸಾಲುಗಟ್ಟಿ ನಿಂತಿರುತ್ತವೆ. ಎಷ್ಟು ಹೊತ್ತು ಬೇಕು ಎಂದು ನೋಡುವ ಬದಲು ಎಷ್ಟು ಏಕಾಗ್ರತೆ ಬೇಕು ಎಂದು ನೋಡಿ ಕೆಲಸಗಳನ್ನು ವಿಂಗಡಿಸಿ. ಮಗ ನೆಲದ ಮೇಲೆ ಆಡುತ್ತಿರುವಾಗ, ನೀವು ನಡುನಡುವೆ ಎದ್ದು ಹೋಗಬೇಕಾದಾಗಲೂ ಕೆಡದ ಕೆಲಸಗಳಿವೆ: ಕಾಲೇಜುಗಳ ವಿಳಾಸ ಬರೆದುಕೊಳ್ಳುವುದು, ಪ್ರತಿಗಳಿಗೆ ಸಹಿ ಹಾಕುವುದು, ಅಂಚೆಗೆ ಕಟ್ಟುವುದು, ಓದುಗರಿಗೆ ಧ್ವನಿಸಂದೇಶದಲ್ಲಿ ಧನ್ಯವಾದ ಹೇಳುವುದು. ಹಿನ್ನೆಲೆಯಲ್ಲಿ ಮಗುವಿನ ದನಿ ಕೇಳಿಸಿತೆಂದು ಯಾವ ಓದುಗರೂ ಮುನಿಸಿಕೊಂಡದ್ದಿಲ್ಲ. ಪತ್ರ ಬರೆಯುವುದು, ಲೇಖನ, ಸಂದರ್ಶನ ಇವಕ್ಕೆ ಬಾಗಿಲು ಮುಚ್ಚಿರಬೇಕು. ಈ ಎರಡನೆಯ ಬಗೆಗೆ ವಾರಕ್ಕೆ ಒಂದು ಸಲ ಎರಡು ಗಂಟೆ ಗೊತ್ತುಮಾಡಿಕೊಳ್ಳಿ, ಆ ಹೊತ್ತಿನಲ್ಲಿ ಮಕ್ಕಳ ಜವಾಬ್ದಾರಿ ಪೂರ್ತಿಯಾಗಿ ಇನ್ನೊಬ್ಬ ದೊಡ್ಡವರದಾಗಿರಲಿ.

‘ಪೂರ್ತಿಯಾಗಿ’ ಎಂದದ್ದು ಯೋಚಿಸಿಯೇ. ‘ನೀನು ಕೆಲಸ ಮಾಡಿಕೋ, ನಾನು ನೋಡಿಕೊಳ್ಳುತ್ತೇನೆ’ ಎಂದವರು ಹತ್ತು ನಿಮಿಷಕ್ಕೊಮ್ಮೆ ಬಂದು ‘ಇವನ ಅಂಗಿ ಎಲ್ಲಿದೆ?’ ಎಂದು ಕೇಳಿದರೆ ಜವಾಬ್ದಾರಿ ನಿಮ್ಮ ತಲೆಯಲ್ಲೇ ಉಳಿದಂತಾಯಿತು. ಸಾಧ್ಯವಾದರೆ ಆ ಎರಡು ಗಂಟೆ ಮನೆಯಿಂದ ಹೊರಗೆ, ಗ್ರಂಥಾಲಯದಲ್ಲೋ ಬೇರೆಲ್ಲೋ ಕುಳಿತುಕೊಳ್ಳಿ. ಒಬ್ಬರೇ ಮಕ್ಕಳನ್ನು ಸಾಕುತ್ತಿರುವ ಲೇಖಕರು ಇನ್ನೊಬ್ಬ ತಾಯಿಯ ಅಥವಾ ತಂದೆಯ ಜೊತೆ ಸರದಿ ಮಾಡಿಕೊಂಡದ್ದನ್ನು ನೋಡಿದ್ದೇನೆ: ಒಂದು ವಾರ ಇವರ ಮನೆಯಲ್ಲಿ ಎಲ್ಲ ಮಕ್ಕಳು, ಮುಂದಿನ ವಾರ ಅವರ ಮನೆಯಲ್ಲಿ. ಮತ್ತೊಂದು ಅಭ್ಯಾಸ ತುಂಬ ಕೆಲಸಕ್ಕೆ ಬರುತ್ತದೆ. ಏಳುವ ಮೊದಲು ಟಿಪ್ಪಣಿ ಪುಸ್ತಕದಲ್ಲಿ ಮುಂದಿನ ಕೆಲಸವನ್ನು ಒಂದೇ ಸಾಲಿನಲ್ಲಿ ಬರೆದಿಡಿ. ‘ಪ್ರಚಾರ’ ಎಂದು ಬರೆದರೆ ಮುಂದಿನ ಸಲ ಅರ್ಧ ಗಂಟೆ ಎಲ್ಲಿಂದ ಶುರು ಮಾಡುವುದೆಂಬ ಯೋಚನೆಯಲ್ಲೇ ಹೋಗುತ್ತದೆ. ‘ಮೂರನೆಯ ಕಾಲೇಜಿನ ಪತ್ರಕ್ಕೆ ಪಾಳಿ ಬದಲಾಗುವ ಎರಡು ಪುಟ ಸೇರಿಸಿ ಕಳಿಸುವುದು’ ಎಂದಿದ್ದರೆ ಕುಳಿತ ಕೂಡಲೇ ಕೈ ಓಡುತ್ತದೆ.

ಸಭೆ, ಸಂವಾದಗಳಿಗೆ ಕರೆ ಬಂದರೆ ನಿಮ್ಮ ಷರತ್ತನ್ನು ಮೊದಲೇ ಹೇಳಿ. ಮಕ್ಕಳು ಮಲಗುವ ಹೊತ್ತು ಬೇಡ, ನಲವತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ಮಗುವನ್ನು ಕರೆತಂದರೆ ಕೂರಿಸಿಕೊಳ್ಳಲು ಪಕ್ಕದಲ್ಲೊಂದು ಕೋಣೆ ಬೇಕು. ಸಂಘಟಕರು ಒಪ್ಪದಿದ್ದರೆ ನಿಮ್ಮ ಬದಲು ಧ್ವನಿಮುದ್ರಣ ಕಳಿಸಿ, ಅಥವಾ ಬಿಡಿ. ಇಪ್ಪತ್ತು ಜನ ಪುಸ್ತಕ ಓದಿಕೊಂಡೇ ಬಂದಿರುವ ಓದುಗರ ಬಳಗ, ಇನ್ನೂರು ಜನ ಕುರ್ಚಿ ತುಂಬಿದ ಸಭೆಗಿಂತ ನಿಮಗೆ ಹೆಚ್ಚು ಕೊಡುತ್ತದೆ. ಅದನ್ನು ಮನೆಯಿಂದಲೇ ನಡೆಸಬಹುದು ಕೂಡ.

ಮಗಳಿಗೆ ಆರು ವರ್ಷ, ಹೇಳಿದರೆ ಅರ್ಥವಾಗುವ ವಯಸ್ಸು. ‘ಗಡಿಯಾರದ ದೊಡ್ಡ ಮುಳ್ಳು ಇಲ್ಲಿಗೆ ಬರುವ ತನಕ ಅಮ್ಮನ ಪುಸ್ತಕದ ಕೆಲಸ, ಆಮೇಲೆ ನಿನ್ನ ಜೊತೆ’ ಎಂದು ಹೇಳಿ, ಹೇಳಿದಂತೆಯೇ ನಡೆದುಕೊಳ್ಳಿ. ಮಕ್ಕಳಿಗೆ ಕಷ್ಟವಾಗುವುದು ಅಮ್ಮ ಕೆಲಸ ಮಾಡುವುದರಿಂದಲ್ಲ, ಜೊತೆಗೆ ಕುಳಿತೂ ಮೊಬೈಲಿನಲ್ಲಿ ಕಣ್ಣಿಟ್ಟಿರುವುದರಿಂದ. ದಿನವೂ ರೀಲ್ಸ್ ಎಂಬ ಸಲಹೆಯ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಅದು ಇಡೀ ದಿನವನ್ನು ಪ್ರಚಾರದ ಹೊತ್ತನ್ನಾಗಿ ಮಾಡುತ್ತದೆ. ಎಷ್ಟು ಜನ ನೋಡಿದರು, ಯಾರು ಏನು ಬರೆದರು ಎಂದು ಮನಸ್ಸು ಅಲ್ಲೇ ಸುತ್ತುತ್ತಿರುತ್ತದೆ. ನೀವು ಹೇಳಿಕೊಂಡ ಎರಡೂ ಕಡೆಯ ಅಪರಾಧಿ ಭಾವ ಹುಟ್ಟುವುದು ಈ ಅರೆಬರೆ ಸ್ಥಿತಿಯಲ್ಲಿ. ಎರಡು ಗಂಟೆ ಪೂರ್ತಿ ಪುಸ್ತಕಕ್ಕೆ ಕೊಟ್ಟು ಎದ್ದ ಮೇಲೆ ಅದು ಬಹಳ ಮಟ್ಟಿಗೆ ಇಳಿಯುತ್ತದೆ. ಪೂರ್ತಿ ಹೋಗುತ್ತದೆ ಎಂದು ಹೇಳಲಾರೆ. ಮಕ್ಕಳು ಚಿಕ್ಕವರಿರುವಾಗ ಯಾವ ಕೆಲಸಕ್ಕೆ ಹೋಗುವ ತಾಯಿಗೂ ಅದು ಪೂರ್ತಿ ಹೋದದ್ದನ್ನು ನಾನು ಕಂಡಿಲ್ಲ, ಹೋಗಲಿಲ್ಲವೆಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ. ಪುಸ್ತಕ ಮಾರಲು ಮಕ್ಕಳ ಮುಖವನ್ನು ಬಳಸಬೇಡಿ. ಮಗು ಪುಸ್ತಕ ಹಿಡಿದ ಚಿತ್ರಕ್ಕೆ ಮೆಚ್ಚುಗೆ ಸುರಿಮಳೆಯಾಗುತ್ತದೆ, ನಿಜ. ಅದೆಲ್ಲ ಮಗುವಿಗೆ ಸಿಕ್ಕ ಮೆಚ್ಚುಗೆ, ಕಾದಂಬರಿಗೆ ಸಿಕ್ಕ ಓದುಗರಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳು 13 ವರ್ಷದ ಕೆಳಗಿನವರಿಗೆ ಖಾತೆಯನ್ನೇ ಕೊಡುವುದಿಲ್ಲ. ಸ್ವಂತ ಖಾತೆ ತೆರೆಯುವ ವಯಸ್ಸೇ ಆಗದ ಮಗುವಿನ ನೂರಾರು ಚಿತ್ರ ಅಲ್ಲಿ ಶಾಶ್ವತವಾಗಿ ಉಳಿಯುವುದು ಸರಿಯೇ, ಯೋಚಿಸಿ. ಶಾಲೆಯ ಸಮವಸ್ತ್ರದ ಲಾಂಛನ, ಮನೆಯ ಸಂಖ್ಯೆ ಚಿತ್ರದಲ್ಲಿದ್ದರೆ ಮಗು ಎಲ್ಲಿ ಸಿಗುತ್ತದೆ ಎಂದು ಹೇಳಿದಂತಾಗುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ಸ್ಥಳದ ಮಾಹಿತಿಯೂ ಸೇರಿರಬಹುದು. ಮೂಲ ಕಡತವನ್ನೇ ಇ-ಮೇಲ್ ಮಾಡಿದರೆ ಅದೂ ಜೊತೆಗೆ ಹೋಗುತ್ತದೆ. ಮಗಳನ್ನು ಸೇರಿಸಿಕೊಳ್ಳಬೇಕೆನಿಸಿದರೆ ಪ್ರತಿಗಳೊಳಗೆ ಪುಟಗುರುತು ಇಡುವ ಕೆಲಸ ಕೊಡಿ, ಅವಳೇ ಬಣ್ಣ ಹಚ್ಚಿದ್ದಾದರೆ ಇನ್ನೂ ಚೆಂದ.

ಪುಸ್ತಕ ಬಂದ ಮೇಲೆ ನಿಮಗೆ ಕೆಲವು ಸಿಹಿಯಾದ ಪತ್ರಗಳು ಬರತೊಡಗಬಹುದು. ‘ನಿಮ್ಮ ಕಾದಂಬರಿ ನಮ್ಮ ದೊಡ್ಡ ಓದುಗರ ಕೂಟಕ್ಕೆ ಆಯ್ಕೆಯಾಗಿದೆ, ಭಾಗವಹಿಸಲು ಶುಲ್ಕ ಇಷ್ಟು’, ‘ಚಲನಚಿತ್ರ ನಿರ್ಮಾಪಕರೊಬ್ಬರು ಆಸಕ್ತಿ ತೋರಿಸಿದ್ದಾರೆ, ಮೊದಲು ಚಿತ್ರಕತೆಗೆ ಹಣ ಕಟ್ಟಿ’ ಎಂಬ ಧಾಟಿಯವು. ಪುಸ್ತಕದ ವಿವರಗಳನ್ನೆಲ್ಲ ಸೇರಿಸಿ ತುಂಬ ಚೆನ್ನಾಗಿ ಹೊಗಳಿರುತ್ತಾರೆ, ದಣಿದ ಮನಸ್ಸಿಗೆ ಹಿತವಾಗುತ್ತದೆ. ನಿಜವಾದ ಓದುಗರ ಕೂಟ ಲೇಖಕರಿಂದ ಹಣ ಕೇಳುವುದಿಲ್ಲ, ಹಕ್ಕು ಕೊಳ್ಳುವ ನಿರ್ಮಾಪಕರು ಲೇಖಕರಿಗೆ ಹಣ ಕೊಡುತ್ತಾರೆ. ಇಂಥ ಪತ್ರಕ್ಕೆ ಉತ್ತರಿಸಲೇಬೇಡಿ.

ಎರಡನೆಯ ಕಾದಂಬರಿಯನ್ನು ಇದಕ್ಕಾಗಿ ನಿಲ್ಲಿಸಬೇಡಿ ಎಂದೂ ಸೇರಿಸುತ್ತೇನೆ. ನಿಮಗೆ ಸಿಗುವ ಅತ್ಯಂತ ತಿಳಿಯಾದ ಹೊತ್ತು ಬರವಣಿಗೆಗೆ ಮೀಸಲಾಗಿರಲಿ, ಪ್ರಚಾರಕ್ಕೆ ಎರಡನೆಯ ದರ್ಜೆಯ ಹೊತ್ತು ಸಾಕು. ಎರಡನೆಯ ಪುಸ್ತಕ ಬಂದ ದಿನ ಮೊದಲನೆಯದನ್ನು ಕೇಳಿಕೊಂಡು ಬರುವವರು ಹುಟ್ಟುತ್ತಾರೆ. ಅಷ್ಟರವರೆಗೆ ಮೊದಲನೆಯದು ಅಚ್ಚಿನಲ್ಲಿ ಉಳಿದಿರಬೇಕು.

ಆದ್ದರಿಂದ ಈ ವಾರದ ಎರಡು ಗಂಟೆಯನ್ನು ಪ್ರಕಾಶಕರಿಗೆ ಒಂದು ಪತ್ರ ಬರೆಯಲು ಬಳಸಿ. ಎಷ್ಟು ಪ್ರತಿ ಅಚ್ಚಾಗಿದೆ, ಎಷ್ಟು ಉಳಿದಿದೆ, ಮುಗಿದರೆ ಮರುಮುದ್ರಣಕ್ಕೆ ಎಷ್ಟು ದಿನ ಬೇಕು ಎಂದು ಕೇಳಿ. ಆನ್‌ಲೈನ್ ಮಳಿಗೆಗೆ ಹೊಸ ಪರಿಚಯ, ಹೊಸ ಹುಡುಕುಪದಗಳನ್ನು ಲಗತ್ತಿಸಿ, ಎಂದಿನೊಳಗೆ ಬದಲಿಸುತ್ತಾರೆಂದು ಕೇಳಿ. ಕಾಲೇಜುಗಳಿಗೆ ಕಳಿಸಲು ಕೆಲವು ಗೌರವ ಪ್ರತಿಗಳನ್ನು ಕೊಡಬಹುದೇ, ಗ್ರಂಥಾಲಯಗಳಿಂದ ಬೇಡಿಕೆ ಬಂದರೆ ಯಾರನ್ನು ಸಂಪರ್ಕಿಸಬೇಕು ಎಂಬುದನ್ನೂ ಸೇರಿಸಿ. ದಿನವೂ ರೀಲ್ಸ್ ಮಾಡಲು ಆಗುವುದಿಲ್ಲ, ಬದಲಿಗೆ ನಾನು ಇವಿಷ್ಟನ್ನು ಮಾಡುತ್ತೇನೆ ಎಂದು ಅದೇ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಚಿಕ್ಕ ಪ್ರಕಾಶಕರು ಹೆಚ್ಚಿನವರು ಒಳ್ಳೆಯವರೇ. ಅವರಿಗೂ ಕೈ ಸಾಲದು, ಲೇಖಕರು ಇಷ್ಟು ಖಚಿತವಾಗಿ ಕೇಳಿದರೆ ಅವರಿಗೂ ಕೆಲಸ ಹಗುರ. ಹತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಫೋನ್ ಮಾಡಿ. ಮಾತಿನ ನಡುವೆ ಮಗ ಅತ್ತರೆ ಅಳಲಿ, ಅವನನ್ನು ಎತ್ತಿಕೊಂಡೇ ಮಾತು ಮುಗಿಸಿ.